ಚುಕ್ಕಿಯ ಬಾಲ ಯಾರದು

ಆ ಕಟ್ಟಡದ ತಾರಸಿಯಲ್ಲಿ, ನೀರಿನ ತೊಟ್ಟಿಗೂ ಬಟ್ಟೆ ಒಣಹಾಕುವ ತಂತಿಗೂ ನಡುವೆ, ಒಂದು ಮರದ ಕುರ್ಚಿ ಇದೆ. ಅದಕ್ಕೆ ಎಡಗೈ ಮಾತ್ರ ಉಂಟು. ಬಲಗೈಯನ್ನು ಯಾವತ್ತೋ ಗರಗಸದಿಂದ ಕೊಯ್ದು ತೆಗೆದಿದ್ದಾರೆ, ಮುಕ್ಕಾಲಿಯನ್ನು ಹತ್ತಿರಕ್ಕೆ ಎಳೆದುಕೊಳ್ಳಲು ಅಡ್ಡವಾಗುತ್ತಿತ್ತೆಂದು. ಬಿಸಿಲು ಏರುವ ಮೊದಲು ಆ ಕುರ್ಚಿಯಲ್ಲಿ ಕೂತಿರುವವರನ್ನು ಇಡೀ ಬೀದಿ ಒಕ್ಕಣ್ಣಕ್ಕ ಎಂದು ಕರೆಯುತ್ತದೆ. ಎದುರಿಗೇ ಕರೆಯುತ್ತದೆ, ಅವರೂ ಓಗೊಡುತ್ತಾರೆ.

ಕೆಳಗಿನ ಎರಡು ಮಹಡಿಗಳಲ್ಲಿ ಮನೆಯವರ ಕಾರ್ಖಾನೆ. ಅಲ್ಲಿ ತಯಾರಾಗುವುದು ಸ್ಪಾಟಿಂಗ್ ಸ್ಕೋಪ್. ಪೆಟ್ಟಿಗೆಯ ಮೇಲೆ ಹಾಗೆ ಅಚ್ಚಾಗಿರುತ್ತದೆ, ಮನೆಯವರ ಬಾಯಲ್ಲಿ ಅದು ದುರ್ಬೀನು. ಒಂದೇ ಕಣ್ಣಿಟ್ಟು ನೋಡುವ, ಮುಕ್ಕಾಲಿಯ ಮೇಲೆ ಕೂರಿಸುವ, ಮೊಳದುದ್ದದ ಕೊಳವೆ. ಹಕ್ಕಿ ನೋಡುವವರು, ಬಂದರಿನ ಕಾವಲಿನವರು, ರೈಫಲ್ ಕಲಿಸುವ ಮೈದಾನದವರು ಇದನ್ನು ಕೊಳ್ಳುತ್ತಾರೆ. ಮಸೂರಗಳು ಹೊರಗಿನಿಂದ ಬರುತ್ತವೆ. ಕೊಳವೆಯನ್ನು ಕಡೆಯುವುದು, ಒಳಗೆ ಕಪ್ಪು ಬಳಿಯುವುದು, ಪ್ರಿಸಂ ಕೂರಿಸುವುದು ಎಲ್ಲ ಇಲ್ಲೇ. ಪ್ರಿಸಂ ಎಂದರೆ ತಲೆಕೆಳಗಾಗಿ ಬರುವ ಚಿತ್ರವನ್ನು ನೆಟ್ಟಗೆ ಮಾಡುವ ಗಾಜಿನ ಗಟ್ಟಿ. ಅದನ್ನು ಕೂರಿಸುವವರು ಒಕ್ಕಣ್ಣಕ್ಕನ ಗಂಡ. ಲೆಕ್ಕ, ವ್ಯವಹಾರ, ಗಿರಾಕಿ ನೋಡಿಕೊಳ್ಳುವವರು ಮೈದುನ. ಪೆಟ್ಟಿಗೆಗೆ ತುಂಬುವವರು ಮೈದುನನ ಹೆಂಡತಿ. ತುಂಬಬೇಕೋ ಬೇಡವೋ ಎಂದು ಹೇಳುವವರು ಒಕ್ಕಣ್ಣಕ್ಕ.

ಅವರ ಎಡಗಣ್ಣು ಹುಟ್ಟಿನಿಂದಲೇ ಮಂದ. ಬಸ್ಸಿನ ಬಣ್ಣ ಗೊತ್ತಾಗುತ್ತದೆ, ನಂಬರು ಗೊತ್ತಾಗುವುದಿಲ್ಲ. ಕೆಲಸವೆಲ್ಲ ಬಲಗಣ್ಣಿನದು. ಹೊಸ ಸೊಸೆಯಾಗಿ ಬಂದ ಕಾಲದಲ್ಲಿ ಮಾವನಿಗೆ ಚಹಾ ಕೊಡಲು ತಾರಸಿಗೆ ಹೋದಾಗ, ಮಾವ ತಮಾಷೆಗೆ ನೋಡು ಎಂದು ದುರ್ಬೀನು ತೋರಿಸಿದ್ದರು. ಸೊಸೆ ನೋಡಿ, ಚುಕ್ಕಿಗೆ ಬಾಲ ಇದೆಯಲ್ಲ, ಇರಬೇಕಾ ಎಂದು ಕೇಳಿದರು. ಮಾವ ಚಹಾ ಕೆಳಗಿಟ್ಟು ಮತ್ತೆ ನೋಡಿದರು. ಬಾಲ ಇತ್ತು. ಅಂದಿನಿಂದ ಚಹಾ ತರುವ ಕೆಲಸ ಬೇರೆಯವರಿಗೆ ಹೋಯಿತು.

ಚುಕ್ಕಿಯ ವಿಷಯ ಹೇಳಬೇಕು. ತಾರಸಿಯಿಂದ ದೂರದಲ್ಲಿ, ಮನೆಗಳ ಸಾಲು ಮುಗಿದ ಮೇಲೆ, ಒಂದು ಹಳೆಯ ಹೊಗೆ ಕೊಳವೆ ನಿಂತಿದೆ. ಅದರ ಸುತ್ತಿನ ಕಬ್ಬಿಣದ ಕಟಾಂಜನಕ್ಕೆ ಮಾವ ಒಂದು ಕಪ್ಪು ಹಲಗೆ ಕಟ್ಟಿಸಿ, ನಡುವೆ ಬೇರಿಂಗಿನ ಉಕ್ಕಿನ ಗುಂಡೊಂದನ್ನು ಅಂಟಿಸಿದ್ದರು. ಬೆಳಗಿನ ಬಿಸಿಲು ಬಿದ್ದರೆ ಗುಂಡಿನ ಮೇಲೆ ಸೂಜಿಮೊನೆಯಷ್ಟು ಬೆಳಕು ಹೊಳೆಯುತ್ತದೆ. ಅದೇ ಚುಕ್ಕಿ. ಒಳ್ಳೆಯ ದುರ್ಬೀನಿನಲ್ಲಿ ಅದು ಚುಕ್ಕಿಯಾಗಿಯೇ ಕಾಣಬೇಕು. ಬಾಲ, ಕೋಡು, ನೆರಳು ಯಾವುದೂ ಇರಬಾರದು. ಆಮೇಲೆ ಫೋಕಸ್ ತಿರುಪನ್ನು ಚೂರು ಒಳಕ್ಕೆ ತಿರುಗಿಸಿದರೆ ಚುಕ್ಕಿ ಅರಳಿ ಬಳೆಗಳಾಗುತ್ತದೆ, ಒಂದರೊಳಗೊಂದು. ಹೊರಕ್ಕೆ ತಿರುಗಿಸಿದರೂ ಅಂಥವೇ ಬಳೆಗಳು ಬರಬೇಕು. ಒಂದು ಕಡೆ ದುಂಡಗೆ, ಇನ್ನೊಂದು ಕಡೆ ಚಪ್ಪಟೆ ಬಂದರೆ ಗಾಜಿನಲ್ಲೋ ಜೋಡಣೆಯಲ್ಲೋ ದೋಷ ಇದೆ. ಅಂಥ ದುರ್ಬೀನಿಗೆ ಆ ಕಾರ್ಖಾನೆಯಲ್ಲಿ ಇರುವ ಹೆಸರು ‘ಒಳಗೊಂದು ಹೊರಗೊಂದು’. ನಂಬಿಕೆಗೆ ಅರ್ಹರಲ್ಲದ ಸಂಬಂಧಿಕರಿಗೂ ಅಲ್ಲಿ ಅದೇ ಹೆಸರು. ಯಾರ ಬಗ್ಗೆ ಮಾತು ನಡೆಯುತ್ತಿದೆ ಎಂದು ಹೊಸ ಕೆಲಸಗಾರರಿಗೆ ಬಹಳ ದಿನ ತಿಳಿಯುವುದಿಲ್ಲ.

ಒಕ್ಕಣ್ಣಕ್ಕ ನೋಡುವ ರೀತಿಗೂ ಒಂದು ಕಟ್ಟು ಇತ್ತು. ಮಾವ ಕಲಿಸಿದ ಕಟ್ಟು: ಕುತ್ತಿಗೆ ಕಂಬದ ಹಾಗಿರಬೇಕು. ತಲೆ ಅಲ್ಲಾಡಿದರೆ ತೀರ್ಪೂ ಅಲ್ಲಾಡುತ್ತದೆ. ಅವರು ಕಣ್ಣಿಟ್ಟು ಕೂತರೆ ಕಾಗೆ ಬಂದು ತಲೆಯ ಮೇಲೆ ಕೂತರೂ ತಿಳಿಯುವುದಿಲ್ಲ ಎಂದು ಮೈದುನ ಗಿರಾಕಿಗಳಿಗೆ ಹೇಳುತ್ತಿದ್ದರು. ನೋಡಿ ಮುಗಿಸಿದ ಮೇಲೆ ಅವರು ಹೇಳುವುದು ಎರಡೇ ಮಾತು: ಒಂದು ‘ಹೋಗಲಿ’, ಇನ್ನೊಂದು ‘ವಾಪಸ್’. ವಾಪಸ್ ಎಂದರೆ ಗಂಡನ ಮೇಜಿಗೆ. ಊಟಕ್ಕೆ ಕೂತಾಗ ದುರ್ಬೀನಿನ ಮಾತು ಎತ್ತಬಾರದು ಎಂದು ಗಂಡ ಹೆಂಡತಿ ಮೊದಲೇ ಒಪ್ಪಂದ ಮಾಡಿಕೊಂಡಿದ್ದರು. ಇಲ್ಲದಿದ್ದರೆ ಅಡುಗೆಗೆ ಉಪ್ಪು ಕಡಿಮೆಯೆಂದು ಹೇಳಲು ಗಂಡನಿಗೆ ಧೈರ್ಯವೇ ಬರುತ್ತಿರಲಿಲ್ಲ.

ಹೀಗೆ ನಡೆಯುತ್ತಿದ್ದ ಕೆಲಸ ಕಳೆದ ಚಳಿಗಾಲದಲ್ಲಿ ಹದಗೆಟ್ಟಿತು. ರೈಫಲ್ ಮೈದಾನದವರಿಗೆ ದೊಡ್ಡದೊಂದು ಸರಬರಾಜು ತಯಾರಾಗುತ್ತಿತ್ತು. ಆಗ ‘ವಾಪಸ್’ ಹೆಚ್ಚಾಯಿತು. ಮೊದಲು ಅಲ್ಲೊಂದು ಇಲ್ಲೊಂದು. ಆಮೇಲೆ ಹತ್ತಿಪ್ಪತ್ತರಲ್ಲಿ ಅರ್ಧ. ಗಂಡ ಬಿಚ್ಚಿ ನೋಡಿದರು, ಪ್ರಿಸಂ ಒರೆಸಿದರು, ತಿರುಪು ಬಿಗಿ ಮಾಡಿ ಮತ್ತೆ ಮೇಲೆ ಕಳಿಸಿದರು. ಮತ್ತೆ ವಾಪಸ್. ಏನು ದೋಷ ಎಂದು ಕೇಳಿದರೆ ಬಾಲ ಎಂಬ ಒಂದೇ ಉತ್ತರ. ಒಂದು ಮಧ್ಯಾಹ್ನ ಊಟದ ಒಪ್ಪಂದವೂ ಮುರಿಯಿತು. ತಟ್ಟೆಯ ಮುಂದೆ ಕೂತು ಗಂಡ ಹೇಳಿದ್ದು ಬೀದಿಗೆಲ್ಲ ಕೇಳಿಸಿತಂತೆ: “ಬಾಲ ಬಾಲ ಅಂತೀಯಲ್ಲ ಕಣೇ, ನಾನು ದುರ್ಬೀನು ಮಾಡ್ತಿದೀನೋ ಮಂಗನ್ನ ಮಾಡ್ತಿದೀನೋ?”

ಮೈದುನ ಜಗಳ ಆಡುವವರಲ್ಲ. ವಾಪಸ್ ಬಂದ ದುರ್ಬೀನೊಂದನ್ನು ತಾವೇ ತಾರಸಿಗೆ ಒಯ್ದು ನೋಡಿದರು, ಹೆಂಡತಿಗೆ ತೋರಿಸಿದರು, ಇಬ್ಬರಿಗೂ ಬಾಲ ಕಾಣಲಿಲ್ಲ. ಅತ್ತಿಗೆ ಸ್ವಲ್ಪ ದಿನ ವಿಶ್ರಾಂತಿ ತೆಗೆದುಕೊಳ್ಳಲಿ ಎಂದು ಮೆಲ್ಲಗೆ ಹೇಳಿದರು. ಎಷ್ಟು ದಿನ ಎಂದು ಹೇಳಲಿಲ್ಲ. ಒಕ್ಕಣ್ಣಕ್ಕ ಮಸೂರ ಒರೆಸುವ ಬಟ್ಟೆಯನ್ನು ಮಡಚಿ ಕುರ್ಚಿಯ ಮೇಲಿಟ್ಟು ಕೆಳಗಿಳಿದರು. ಮರುದಿನದಿಂದ ಆ ಕುರ್ಚಿಯಲ್ಲಿ ವಾರಗಿತ್ತಿ ಕೂತರು.

ವಾರಗಿತ್ತಿಯ ಕಣ್ಣು ಚುರುಕು. ಆದರೆ ಅವರು ನೋಡುತ್ತಿದ್ದದ್ದು ಚುಕ್ಕಿಯನ್ನಲ್ಲ, ಮುಖ್ಯರಸ್ತೆಯ ಆಚೆಗಿನ ಔಷಧಿ ಅಂಗಡಿಯ ಬೋರ್ಡನ್ನು. ಅಕ್ಷರ ಸ್ಪಷ್ಟವಾಗಿ ಓದಲು ಬಂದರೆ ಪೆಟ್ಟಿಗೆಗೆ ಸೇರಿತು. ಇದು ಕಿವಿಗೆ ಬಿದ್ದಾಗ ಒಕ್ಕಣ್ಣಕ್ಕ, ಬೋರ್ಡು ಓದುವುದಕ್ಕೆ ದುರ್ಬೀನು ಯಾಕೆ, ಬಸ್ಸು ಹತ್ತಿ ಹೋದರೂ ಓದಬಹುದು ಎಂದರು. ವಾರಗಿತ್ತಿಯೂ ಬಾಯಿ ಮುಚ್ಚಿ ಕೂರುವವರಲ್ಲ. ಚುಕ್ಕಿ ನೋಡುವುದು ಹೇಗೆಂದು ಅಕ್ಕ ಯಾರಿಗಾದರೂ ಒಂದು ದಿನ ಹೇಳಿಕೊಟ್ಟಿದ್ದಾರಾ ಎಂದು ಕೇಳಿದರು. ಆ ಮಾತು ನಿಜವಾಗಿತ್ತು. ವಿದ್ಯೆಯನ್ನು ಒಕ್ಕಣ್ಣಕ್ಕ ಒಡವೆಯ ಹಾಗೆ ಬೀಗ ಹಾಕಿ ಇಟ್ಟುಕೊಂಡಿದ್ದರು.

ಕುರ್ಚಿ ಹೋದ ಮೇಲೆ ಅವರಿಗೆ ಮನೆಯಲ್ಲಿ ಕೆಲಸವೇನೂ ಕಡಿಮೆ ಇರಲಿಲ್ಲ, ಆದರೆ ಯಾವ ಕೆಲಸದಲ್ಲೂ ಮನಸ್ಸು ನಿಲ್ಲಲಿಲ್ಲ. ಕಣ್ಣಿನ ಡಾಕ್ಟರ ಹತ್ತಿರ ಹೋಗೋಣವೆಂದು ಗಂಡ ಎರಡು ಮೂರು ಸಲ ಕೇಳಿದರು. ಅವರು ಒಪ್ಪಲಿಲ್ಲ. ಇರುವುದು ಒಂದು ಕಣ್ಣು. ಅದನ್ನು ಡಾಕ್ಟರು ನೋಡಿ ‘ವಾಪಸ್’ ಎಂದುಬಿಟ್ಟರೆ ಕಳಿಸುವುದು ಯಾವ ಮೇಜಿಗೆ?

ಸರಬರಾಜು ಒಯ್ಯಲು ರೈಫಲ್ ಕೋಚ್ ಬಂದ ಬೆಳಿಗ್ಗೆ ಬಿಸಿಲು ಸ್ವಚ್ಛವಾಗಿತ್ತು, ಗಾಳಿ ಇರಲಿಲ್ಲ. ಜೀವನವೆಲ್ಲ ಗುಂಡಿನ ಸದ್ದಿನ ಪಕ್ಕ ಕಳೆದ ಮನುಷ್ಯ. ಕಿವಿ ಮಂದ, ಹಾಗಾಗಿ ಮಾತು ಜೋರು. ಅವರಿಗೆ ಬೇಕಾದದ್ದು ಸರಳ. ದೂರದ ಗುರಿಹಲಗೆಯಲ್ಲಿ ಗುಂಡು ಮಾಡಿದ ತೂತು ಒಂದಿದ್ದರೆ ಒಂದಾಗಿ ಕಾಣಬೇಕು. ಬಾಲವಿರುವ ದುರ್ಬೀನಿನಲ್ಲಿ ಅಕ್ಕಪಕ್ಕದ ಎರಡು ತೂತು ಸೇರಿ ಒಂದಾಗುತ್ತವೆ, ಅವರ ಹತ್ತಿರ ಕಲಿಯುವ ಹುಡುಗಿಯರು ತಪ್ಪು ತಿದ್ದಿಕೊಳ್ಳುವುದು ಹೇಗೆ? ವಾರಗಿತ್ತಿ ಅವರನ್ನು ತಾರಸಿಗೆ ಕರೆದೊಯ್ದು ಔಷಧಿ ಅಂಗಡಿಯ ಬೋರ್ಡು ತೋರಿಸಿದರು. ಕೋಚ್ ಓದಿದರು. ಆಮೇಲೆ, ಕಳೆದ ಸಲ ನೋಡಿಕೊಟ್ಟ ಅಮ್ಮ ಎಲ್ಲಿ ಎಂದು ಕೇಳಿದರು. ಅವರ ದನಿಗೆ ಆ ಪ್ರಶ್ನೆ ಎರಡು ಮಹಡಿ ಕೆಳಗೂ ಕೇಳಿಸಿತು.

ಒಕ್ಕಣ್ಣಕ್ಕ ಆಗ ತೊಳೆದ ಹೊದಿಕೆಗಳನ್ನು ಹೆಗಲ ಮೇಲೆ ಹೊತ್ತು ಮೆಟ್ಟಿಲು ಹತ್ತುತ್ತಿದ್ದರು. ಒಣಹಾಕಲು ಬಂದವರನ್ನು ಕೋಚ್ ಕುರ್ಚಿ ತೋರಿಸಿ ಕರೆದರು. ಮೈದುನನಿಗೆ ಬೇಡವೆನ್ನಲು ಆಗಲಿಲ್ಲ. ವಾರಗಿತ್ತಿ ಎದ್ದು ನಿಂತರು. ಹೆಗಲ ಮೇಲಿನ ಬಟ್ಟೆಯನ್ನೂ ಇಳಿಸದೆ ಒಕ್ಕಣ್ಣಕ್ಕ ಕೂತು, ದುರ್ಬೀನನ್ನು ಹೊಗೆ ಕೊಳವೆಯ ಕಡೆ ತಿರುಗಿಸಿ, ಕಣ್ಣಿಟ್ಟರು.

ಚುಕ್ಕಿ ಹೊಳೆಯುತ್ತಿತ್ತು. ಅದಕ್ಕೆ ಬಾಲ ಇತ್ತು, ಕೆಳಗೆ ಬಲಕ್ಕೆ ಇಳಿದ ಮಸುಕು ಬಾಲ. ವಾಪಸ್ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

ಅಷ್ಟರಲ್ಲಿ ಹೆಗಲ ಮೇಲಿನ ಒದ್ದೆ ಹೊದಿಕೆ ಜಾರಿತು. ಅದು ನೆಲಕ್ಕೆ ಬೀಳದಿರಲೆಂದು ಅವರು ಕಣ್ಣು ತೆಗೆಯದೆಯೇ ಗಲ್ಲವನ್ನು ಹೆಗಲಿಗೆ ಒತ್ತಿ ಹಿಡಿದರು. ತಲೆ ಓರೆಯಾಯಿತು. ತಲೆಯ ಜೊತೆ ಬಾಲವೂ ಓರೆಯಾಯಿತು.

ಅವರು ತಲೆ ನೆಟ್ಟಗೆ ಮಾಡಿದರು. ಬಾಲ ತನ್ನ ಜಾಗಕ್ಕೆ ಬಂತು. ಇನ್ನೊಂದು ಕಡೆಗೆ ವಾಲಿಸಿದರು. ಬಾಲ ಆ ಕಡೆಗೆ ಹೋಯಿತು. ದುರ್ಬೀನು ಮುಕ್ಕಾಲಿಯ ಮೇಲೆ ಕದಲದೆ ಕೂತಿತ್ತು. ಕುತ್ತಿಗೆ ಕಂಬದ ಹಾಗಿಟ್ಟುಕೊಂಡು ಇಡೀ ಚಳಿಗಾಲ ನೋಡಿದವರಿಗೆ ಒಮ್ಮೆಯೂ ಕಾಣದ ಸಂಗತಿ ಇದು. ಕಂಬ ಅಲ್ಲಾಡದೆ ಕಾಣುವಂಥದ್ದೂ ಆಗಿರಲಿಲ್ಲ.

ಅವರು ಹೊದಿಕೆಯನ್ನು ವಾರಗಿತ್ತಿಯ ಕೈಗೆ ಕೊಟ್ಟರು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದರು: “ಈ ಬಾಲ ದುರ್ಬೀನಿಂದಲ್ಲ. ನಂದು.”

ಗಂಡ ಆ ಹೊತ್ತಿಗೆ ಮೇಲೆ ಬಂದು ಬಾಗಿಲಲ್ಲಿ ನಿಂತಿದ್ದರು. ಮೈದುನನ ಮುಖದಲ್ಲಿ ಮೊದಲು ಕಾಣಿಸಿದ್ದು ನಿರಾಳ.

“ಹಾಗಾದ್ರೆ ಮಾಲೆಲ್ಲ ಸರಿ ಇದೆ ಅಂತಾಯ್ತಲ್ಲ ಅತ್ತಿಗೆ. ಕಟ್ಟಿಸ್ಲಾ?”

“ನಾನು ಹೇಳಿದ್ದು ನನ್ನ ಬಾಲದ ಮಾತು,” ಎಂದರು ಒಕ್ಕಣ್ಣಕ್ಕ. “ದುರ್ಬೀನಿನ ಬಾಲ ಇನ್ನೂ ನೋಡ್ಲಿಲ್ಲ. ಪೆಟ್ಟಿಗೆ ಬಿಚ್ಚು.”

ಮೈದುನ ಗಂಡನ ಕಡೆ ನೋಡಿದರು, ಗಂಡ ತಾರಸಿಯ ನೆಲ ನೋಡಿದರು. ಕಣ್ಣಲ್ಲಿ ದೋಷ ಇದೆಯೆಂದು ಬಾಯಿಬಿಟ್ಟು ಹೇಳಿದವರ ಕೈಗೆ ಮತ್ತೆ ಮಾಲು ಕೊಡುವುದು ಯಾವ ಲೆಕ್ಕ ಎಂಬ ಪ್ರಶ್ನೆ ಅಲ್ಲಿದ್ದವರೆಲ್ಲರ ತಲೆಯಲ್ಲೂ ಇತ್ತು. ಉತ್ತರ ಕೊಟ್ಟದ್ದು ಕೋಚ್. ಒಂದು ಪೆಟ್ಟಿಗೆಯನ್ನು ತಾವೇ ಎಳೆದು ಅದರ ಟೇಪು ಕಿತ್ತರು.

ಒಕ್ಕಣ್ಣಕ್ಕ ಮಾಡಿದ್ದು ಇಷ್ಟು. ದುರ್ಬೀನನ್ನು ಮುಕ್ಕಾಲಿಗೆ ಹಿಡಿಸುವ ಪಟ್ಟಿಯ ತಿರುಪು ಸಡಿಲಿಸಿದರೆ ಕೊಳವೆ ಇದ್ದಲ್ಲಿಯೇ ಸುತ್ತುತ್ತದೆ. ಅವರು ತಲೆಯನ್ನು ಎಂದಿನಂತೆ ಕದಲದೆ ಇಟ್ಟುಕೊಂಡು ಕೊಳವೆಯನ್ನು ಮೆಲ್ಲಗೆ ಸುತ್ತಿಸಿದರು. ಕಣ್ಣಿನ ಬಾಲ ಕಣ್ಣಿನ ಜೊತೆಗೇ ನಿಲ್ಲುತ್ತದೆ. ಗಾಜಿನ ಬಾಲವಿದ್ದರೆ ಅದು ಗಾಜಿನ ಜೊತೆ ಸುತ್ತಲೇಬೇಕು. ನಿಂತದ್ದನ್ನು ಲೆಕ್ಕದಿಂದ ಬಿಟ್ಟು ಸುತ್ತುವುದನ್ನು ಮಾತ್ರ ಹುಡುಕಿದರು. ಮೊದಲಿನ ದುರ್ಬೀನಿನಲ್ಲಿ ಏನೂ ಸುತ್ತಲಿಲ್ಲ. ಹೋಗಲಿ, ಎಂದರು. ಎರಡನೆಯದೂ ಹೋಗಲಿ. ಮುಂದಿನವೂ ಹೋದವು. ಇಡೀ ಚಳಿಗಾಲ ಆ ಬಾಯಿಂದ ಇಷ್ಟು ‘ಹೋಗಲಿ’ ಕೇಳಿರದ ಗಂಡ ಬಾಗಿಲು ಬಿಟ್ಟು ಹತ್ತಿರ ಬಂದು ನಿಂತರು.

ಆಮೇಲೆ ಒಂದರಲ್ಲಿ ಅವರ ಕೈ ನಿಂತಿತು. ಮತ್ತೆ ಸುತ್ತಿಸಿದರು, ಹಿಂದಕ್ಕೆ, ಮುಂದಕ್ಕೆ. ನಿಂತ ಬಾಲದ ಹಿಂದೆ ಇನ್ನೊಂದು, ಅದಕ್ಕಿಂತ ಸಣ್ಣದು, ಗಡಿಯಾರದ ಮುಳ್ಳಿನಂತೆ ತಿರುಗುತ್ತಿತ್ತು.

ಅವರು ಕುರ್ಚಿಯಿಂದ ಎದ್ದು ವಾರಗಿತ್ತಿಯನ್ನು ಕೂರಿಸಿದರು. “ಬೋರ್ಡು ಬಿಡು. ಆ ಹೊಗೆ ಕೊಳವೆ ಹತ್ರ ಒಂದು ಬೆಳಕು ಕಾಣತ್ತಾ? ತಲೆ ಅಲ್ಲಾಡಿಸ್ಬೇಡ. ನಾನು ದುರ್ಬೀನು ತಿರುಗಿಸ್ತೀನಿ, ಏನಾಗತ್ತೆ ಹೇಳು.”

ವಾರಗಿತ್ತಿ ತುಂಬಾ ಹೊತ್ತು ಕಣ್ಣಿಟ್ಟು ನೋಡಿದರು. ಕೊನೆಗೆ, “ಅಕ್ಕ, ಚುಕ್ಕಿ ಪಕ್ಕ ಒಂದು ಕಡ್ಡಿ ಇದೆ. ಅದೂ ತಿರುಗ್ತಾ ಇದೆ.”

“ಫೋಕಸ್ ಒಳಗೆ ಹಾಕು. ಬಳೆ ಹೇಗಿದೆ?”

“ದುಂಡಗಿದೆ.”

“ಹೊರಗೆ?”

“ಮೊಟ್ಟೆ ತರ ಆಯ್ತು.”

ಒಕ್ಕಣ್ಣಕ್ಕ ಅದನ್ನು ಗಂಡನ ಕೈಗೆ ಕೊಟ್ಟರು. ಬೇರೆ ಪೆಟ್ಟಿಗೆಗಳಲ್ಲಿ ಅಂಥವು ಇನ್ನೂ ಕೆಲವು ಸಿಕ್ಕವು. ಒಂದೊಂದನ್ನೂ ಇಬ್ಬರೂ ನೋಡಿದರು, ಒಂದರಲ್ಲೂ ಇಬ್ಬರ ಮಾತು ಬೇರೆಯಾಗಲಿಲ್ಲ. ಮೋಡ ಕವಿದ ಕಣ್ಣಿಗೂ ತಿಳಿಗಣ್ಣಿಗೂ ಕಂಡದ್ದು ಒಂದೇ.

ಗಂಡ ತಾರಸಿಯ ಮೇಲೇ ಕೂತು ಮೊದಲನೆಯದನ್ನು ಬಿಚ್ಚಿದರು. ಪ್ರಿಸಮ್ಮಿನ ಪಕ್ಕದ ತಿರುಪಿಗೆ ಸ್ಕ್ರೂಡ್ರೈವರ್ ಕೊಟ್ಟರು, ತಿರುಪು ಸುಲಭಕ್ಕೆ ಕದಲಲಿಲ್ಲ. ತಮ್ಮ ಕೈಯ ಬಿಗಿ ತಮಗೆ ಗೊತ್ತಾಗದೆ ಇರುತ್ತದೆಯೇ? ತೆಗೆದಿಟ್ಟ ದುರ್ಬೀನುಗಳೆಲ್ಲ ಎರಡೆರಡು ಸಲ ವಾಪಸ್ ಬಂದಿದ್ದವು. ಮೊದಲ ಸಲ ಬಂದಾಗ ಅವುಗಳಲ್ಲಿ ದೋಷವೇ ಇರಲಿಲ್ಲ. ಪ್ರಿಸಂ ಸಡಿಲವಿರಬಹುದೆಂದು ಅವರು ಬಿಗಿ ಮಾಡಿದ್ದರು. ಮತ್ತೆ ಬಂದಾಗ ಸಿಟ್ಟಿನಲ್ಲಿ ಇನ್ನಷ್ಟು. ಗಾಜಿನ ಗಟ್ಟಿ ಕಿವಿ ಹಿಂಡಿಸಿಕೊಂಡಂತೆ ಒತ್ತಡಕ್ಕೆ ಸಿಕ್ಕಿ, ಇಲ್ಲದ ಬಾಲ ನಿಜವಾಗಿಯೂ ಬೆಳೆದಿತ್ತು.

“ನೀನು ಬಾಲ ಇದೆ ಅಂದೆ,” ಎಂದರು ಗಂಡ ತಿರುಪು ಸಡಿಲಿಸುತ್ತ. “ನಾನು ಅಂಟಿಸಿ ಕೊಟ್ಟೆ.”

“ಇಷ್ಟು ವರ್ಷಕ್ಕೆ ಒಂದು ಸಲ ಹೇಳಿದ ಮಾತು ಕೇಳಿದ್ರಿ,” ಎಂದರು ಹೆಂಡತಿ.

ಕೋಚ್ ಆ ಮಾತನ್ನು ಇನ್ನೊಮ್ಮೆ ಹೇಳಿಸಿಕೊಂಡರು. ಅರ್ಥವಾದ ಮೇಲೆ ನಕ್ಕದ್ದು ಬೀದಿಯ ಕೊನೆಗೂ ಮುಟ್ಟಿತು. ಮಾಲು ಒಯ್ಯುವುದನ್ನು ಅವರು ಮರುದಿನಕ್ಕೆ ಹಾಕಿದರು. ಬಿಸಿಲು ಏರಿ ಚಾವಣಿಗಳಿಂದ ಬಿಸಿಗಾಳಿ ಏಳತೊಡಗಿತ್ತು. ಆ ಹೊತ್ತಿನಲ್ಲಿ ಚುಕ್ಕಿ ಕುದಿಯುವ ನೀರಿನಂತೆ ಕಾಣುತ್ತದೆ, ಯಾವ ತೀರ್ಪೂ ನಿಲ್ಲುವುದಿಲ್ಲ. ಹೊರಡುವ ಮುಂಚೆ ಅವರು ಒಕ್ಕಣ್ಣಕ್ಕನ ಮುಂದೆ ನಿಂತು, ಒಮ್ಮೆಯಾದರೂ ದನಿ ತಗ್ಗಿಸಲು ನೋಡಿದರು.

“ನನ್ನ ಕಿವಿ ಹೋಗಿದೆ ಅಂತ ಒಪ್ಕೊಳ್ಳೋಕೆ ನಂಗೆ ವರ್ಷಗಳೇ ಹಿಡೀತು ಅಮ್ಮ. ಮನೆಯವರೆಲ್ಲ ಪಿಸುಗುಡ್ತಾರೆ ಅಂತ ಬೈಕೊಂಡು ತಿರುಗ್ತಿದ್ದೆ. ನೀವು ಕೂತ ಜಾಗದಲ್ಲೇ ಮುಗಿಸಿದ್ರಿ.”

ಮರುದಿನ ಸಡಿಲಿಸಿದ ದುರ್ಬೀನುಗಳೆಲ್ಲ ಮೇಲೆ ಬಂದವು. ಒಂದರಲ್ಲೂ ಏನೂ ಸುತ್ತಲಿಲ್ಲ. ಪೆಟ್ಟಿಗೆಗಳೆಲ್ಲ ಹೋದವು. ಲಾರಿ ತಿರುವು ದಾಟಿದ ಮೇಲೆ ಮೈದುನ ತಾರಸಿಗೆ ಬಂದು, ಮಸೂರ ಒರೆಸುವ ಬಟ್ಟೆಯನ್ನು ಅತ್ತಿಗೆಯ ಕೈಗೆ ಕೊಟ್ಟರು. ಏನೋ ಹೇಳಬೇಕೆಂದು ಬಂದವರು ಬಟ್ಟೆ ತೊಳೆಸಿದ್ದೇನೆ ಎಂದಷ್ಟೇ ಹೇಳಿದರು. ಕುರ್ಚಿ ನಿಮ್ಮದೇ ಎಂದು ಆ ಮನೆಯಲ್ಲಿ ಯಾರೂ ಬಾಯಲ್ಲಿ ಹೇಳುವುದಿಲ್ಲ.

ಒಕ್ಕಣ್ಣಕ್ಕ ಬಟ್ಟೆ ತೆಗೆದುಕೊಂಡರು, ಕೂರಲಿಲ್ಲ. ಬಾಲ ಯಾರದೆಂದು ಗೊತ್ತಾದ ಮೇಲೆ ಅದನ್ನು ಇಟ್ಟುಕೊಂಡು ಕೂರುವುದು ಅವರ ಕೆಲಸದ ರೀತಿಗೆ ಒಗ್ಗುವುದಿಲ್ಲ. ಆ ವಾರವೇ ಗಂಡನ ಜೊತೆ ಕಣ್ಣಾಸ್ಪತ್ರೆಗೆ ಹೋದರು. ಪೊರೆ ಎಂದರು ಡಾಕ್ಟರು. ಪೊರೆ ಬಂದ ಮಸೂರ ತೆಗೆದು ಹೊಸ ಮಸೂರ ಕೂರಿಸಬೇಕು. ಉಳಿದವರಾದರೆ ನೋಯುತ್ತದೆಯೇ ಎಂದು ಕೇಳುತ್ತಾರೆ. ಇವರು ಕೇಳಿದ್ದು, ಮಸೂರವನ್ನು ಯಾವುದರಿಂದ ಹಿಡಿಸುತ್ತೀರಿ, ತಿರುಪು ಬಿಗಿ ಮಾಡುವುದಿಲ್ಲ ತಾನೇ ಎಂದು. ತಿರುಪೇ ಇಲ್ಲ, ತೆಳ್ಳಗಿನ ಎರಡು ತೋಳಿನಿಂದ ಅದು ತಾನಾಗಿಯೇ ಕೂರುತ್ತದೆ ಎಂದು ಡಾಕ್ಟರು ಚಿತ್ರ ಬರೆದು ತೋರಿಸಿದರು. ಒಕ್ಕಣ್ಣಕ್ಕ ಚಿತ್ರವನ್ನು ಗಂಡನ ಕಡೆ ತಳ್ಳಿದರು. ಜೋಡಣೆ ಒಳ್ಳೆಯದಿದೆ ಎಂದು ಗಂಡ ಒಪ್ಪಿಗೆ ಕೊಟ್ಟ ಮೇಲೆಯೇ ಸಹಿ ಹಾಕಿದರು. ಹೆದರಿಕೆ ಇರಲಿಲ್ಲವೆಂದಲ್ಲ. ಆಪರೇಶನ್ನಿಗೆ ಒಳಗೆ ಕರೆದೊಯ್ಯುವಾಗ ಗಂಡನ ಕೈಯನ್ನು ಅವರು ಹಿಡಿದ ಬಿಗಿಗೆ ಯಾವ ಪ್ರಿಸಮ್ಮೂ ಉಳಿಯುತ್ತಿರಲಿಲ್ಲ ಎಂದು ಗಂಡ ಈಗಲೂ ಹೇಳುತ್ತಾರೆ.

ಪಟ್ಟಿ ಬಿಚ್ಚಿದ ಬೆಳಿಗ್ಗೆ ವಾರ್ಡಿನ ಗೋಡೆ ಬಿಳಿ ಇದ್ದದ್ದು ಕಂಡು ಅವರಿಗೆ ಆಶ್ಚರ್ಯವಾಯಿತು. ಹಿಂದಿನ ದಿನ ಅದು ಹಳದಿ ಎಂದು ಅವರು ಆಣೆ ಮಾಡಿ ಹೇಳುವಷ್ಟು ನಂಬಿದ್ದರು. ಡಾಕ್ಟರು ಗೋಡೆಗೆ ತೂಗುಹಾಕಿದ ಅಕ್ಷರಗಳನ್ನು ಓದಿಸಿದರು. ಕೊನೆಯ ಸಾಲಿನವರೆಗೂ ಓದಿದರು, ಆದರೆ ಬೋರ್ಡು ಓದಿ ಮೆಚ್ಚುವವರಲ್ಲವಲ್ಲ. ಎದ್ದು ಕಿಟಕಿಗೆ ಹೋದರು. ಕೆಳಗೆ ಸಾಲಾಗಿ ನಿಲ್ಲಿಸಿದ ಸ್ಕೂಟರುಗಳ ಆಚೆ, ರಸ್ತೆಯ ಎದುರಿನ ಗೇಟಿನ ಹಿಡಿಯ ಮೇಲೆ ಬಿಸಿಲು ಸಣ್ಣಗೆ ಮಿನುಗುತ್ತಿತ್ತು. ಅದನ್ನೇ ನೋಡುತ್ತ ತಲೆಯನ್ನು ಎಡಕ್ಕೆ ವಾಲಿಸಿದರು, ಬಲಕ್ಕೆ ವಾಲಿಸಿದರು, ಮತ್ತೆ ಎಡಕ್ಕೆ. ಕುತ್ತಿಗೆ ಹಿಡಿದುಕೊಂಡಿದೆಯಾ ಅಮ್ಮ ಎಂದು ನರ್ಸ್ ಗಾಬರಿಯಿಂದ ಓಡಿಬಂದರು. ಮಿನುಗು ಬರಿಯ ಮಿನುಗಾಗಿತ್ತು. ಎತ್ತ ವಾಲಿದರೂ ಅದರಿಂದ ಏನೂ ಹೊರಡಲಿಲ್ಲ.

ಡಾಕ್ಟರು ಹೇಳಿದ ವಿಶ್ರಾಂತಿಯನ್ನು ಗಂಡನ ಕಾವಲಿನಲ್ಲಿ ಪೂರ್ತಿ ಮುಗಿಸಿ ಅವರು ತಾರಸಿಗೆ ಹೋದಾಗ ವಾರಗಿತ್ತಿ ಹೊಗೆ ಕೊಳವೆಯ ಕಡೆ ಕಣ್ಣಿಟ್ಟು ಕೂತಿದ್ದರು. ಹೆಜ್ಜೆ ಸದ್ದಿಗೆ ಏಳಹೋದವರನ್ನು ಒಕ್ಕಣ್ಣಕ್ಕ ಹೆಗಲು ಒತ್ತಿ ಕೂರಿಸಿದರು. “ಹಿಡಿದದ್ದು ಮುಗಿಸು.” ವಾರಗಿತ್ತಿ ಪಟ್ಟಿ ಸಡಿಲಿಸಿ ಕೊಳವೆ ಸುತ್ತಿಸಿದರು, ಫೋಕಸ್ ಒಳಕ್ಕೆ ಹಾಕಿದರು, ಹೊರಕ್ಕೆ ಹಾಕಿದರು, ವಾಪಸ್ ಎಂದರು. ಒಕ್ಕಣ್ಣಕ್ಕ ಬಗ್ಗಿ ಅದೇ ದುರ್ಬೀನಿಗೆ ಹೊಸ ಕಣ್ಣು ಇಟ್ಟರು. ಉಕ್ಕಿನ ಗುಂಡಿನ ಅಂಚು, ಹಲಗೆಯ ಬಿರುಕು, ಬಿರುಕಿನಲ್ಲಿ ಜೇಡ ಕಟ್ಟಿದ ಎಳೆ, ಮಾವನ ಕಾಲದಲ್ಲೂ ಕಂಡಿರದಷ್ಟು ಚೊಕ್ಕಟವಾಗಿ ಕಂಡವು. ಚುಕ್ಕಿಯ ಪಕ್ಕದ ಕಡ್ಡಿಯೂ ಕಂಡಿತು, ವಾರಗಿತ್ತಿ ಹೇಳಿದ ಕಡೆಯಲ್ಲೇ.

ಅವರು ತಾರಸಿಯ ಕಟಾಂಜನಕ್ಕೆ ಹೋಗಿ ಕೆಳಗಿನ ಮಹಡಿಗೆ ಬಗ್ಗಿ ಗಂಡನನ್ನು ಕರೆದರು. ಇನ್ನು ಮುಂದೆ ಇಲ್ಲಿಂದ ಇಬ್ಬರು ವಾಪಸ್ ಕಳಿಸುತ್ತೇವೆ, ಮೇಜು ಸಾಲದಿದ್ದರೆ ಇನ್ನೊಂದು ಹಾಕಿಸಿಕೊಳ್ಳಿ ಎಂದು ಹೇಳಿ, ಬಟ್ಟೆಯ ತಂತಿಯ ಕೆಳಗಿದ್ದ ಸ್ಟೂಲನ್ನು ಮುಕ್ಕಾಲಿಯ ಪಕ್ಕಕ್ಕೆ ಎಳೆದುಕೊಂಡು ಮುಂದಿನ ದುರ್ಬೀನು ತರಿಸಿದರು.